ಐಹೊಳೆಯ ಗುಡಿಗಳಲ್ಲಿ ಬಾಳಿದ ಮಂದಿ

ಅಮೀನಗಡ ಅಂದ ತಕ್ಷಣ ಕರದಂಟು ನೆನಪಾಗುತ್ತೆ, ಹೌದಲ್ಲ? ಡಬ್ಬಿ ಕಟ್ಟಿಸಿಕೊಳ್ಳಿ, ಆದ್ರೆ ಹಂಗೇ ವಾಪಸ್ ಬಸ್ ಹತ್ತಬ್ಯಾಡ್ರಿ. ಇಲ್ಲಿಂದ ಸ್ವಲ್ಪ ದೂರದಲ್ಲೇ ಮಲಪ್ರಭೆಯ ದಂಡೆಯಲ್ಲಿ ಐಹೊಳೆ ಇದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಅಲ್ಲಿನ ಶಿಲ್ಪದ ಕಥೆ ಅಲ್ಲ, ಆ ಗುಡಿಗಳಲ್ಲಿ ಸಂಸಾರ ಮಾಡಿದವರ ಕಥೆ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಬಾದಾಮಿ ಚಾಲುಕ್ಯರ ಕಾಲದಲ್ಲಿ ಶುರುವಾಗಿ ಮುಂದೆ ನೂರಾರು ವರ್ಷ ಕಟ್ಟಿದವು. ಈಗ ಅವುಗಳ ಹೆಸರು ಕೇಳಿ. ಲಾಡ್‌ಖಾನ್ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಗುಡಿ. ಇದರಲ್ಲಿ ಕಟ್ಟಿಸಿದ ರಾಜ ಯಾರು? ಒಳಗಿದ್ದ ದೇವರು ಯಾರು? ದುರ್ಗ ಗುಡಿ ಇದೆಯಲ್ಲ ಅಂತೀರಿ. ಅದೂ ದೇವಿಯ ಹೆಸರಲ್ಲ, ಅಲ್ಲಿದ್ದ ದುರ್ಗ, ಅಂದ್ರೆ ಕೋಟೆಯಿಂದ ಬಂದದ್ದು.

ಆಗಿದ್ದಿಷ್ಟೇ. ರಾಜ್ಯಗಳು ಹೋದವು, ಎಷ್ಟೋ ಗುಡಿಗಳಲ್ಲಿ ಪೂಜೆ ನಿಂತಿತು, ಕಲ್ಲಿನ ಗೋಡೆ ಮಾತ್ರ ಗಟ್ಟಿಯಾಗಿ ಉಳಿಯಿತು. ಊರಿನವರು ಅದನ್ನೇ ಮನೆ ಮಾಡಿಕೊಂಡರು. ಲಾಡ್‌ಖಾನ್ ಅನ್ನೋ ಮುಸಲ್ಮಾನರು ವಾಸವಿದ್ದ ಗುಡಿಗೆ ಇವತ್ತಿಗೂ ಅವರದೇ ಹೆಸರು. ಒಳಗೆ ಶಿವಲಿಂಗ, ನಂದಿ, ಹೆಸರು ಲಾಡ್‌ಖಾನ್! ಅದರ ಮಾಳಿಗೆ ನೋಡಿ. ಚಪ್ಪಡಿಗಳ ಸಂದಿನ ಮೇಲೆ ಮರದ ತೊಲೆಯಂಥ ಉದ್ದುದ್ದ ಕಲ್ಲು ಕೂರಿಸಿದ್ದಾರೆ, ಮಳೆ ಸೋರದಂಗೆ. ಮನೆ ಮಾಡೋಕೆ ಇನ್ನೇನು ಬೇಕು?

ಇನ್ನು ಹುಚ್ಚಿಮಲ್ಲಿ. ಹೆಸರು ಕೇಳಿ ಪ್ರವಾಸಿಗರು ನಗ್ತಾರೆ. ಆದ್ರೆ ನಮ್ಮ ಕಡೆ ಹುಟ್ಟಿದ ಮಕ್ಕಳು ಉಳಿಯದೇ ಹೋದಾಗ, ಮುಂದಿನ ಕೂಸಿಗೆ ತಿಪ್ಪಣ್ಣ, ಗುಂಡಪ್ಪ, ಹುಚ್ಚಪ್ಪ, ಹುಚ್ಚವ್ವ ಅಂತ ಹೆಸರಿಡೋ ರೂಢಿ ಇತ್ತು. ಇಂಥ ಹೆಸರಿನ ಕೂಸಿನ ಮೇಲೆ ಸಾವಿನ ಕಣ್ಣು ಬೀಳಲ್ಲ ಅನ್ನೋ ನಂಬಿಕೆ. ಹಂಗಾಗಿ ಹುಚ್ಚಿ ಅಂದ್ರೆ ತಲೆಕೆಟ್ಟವಳು ಅಂತಲೇ ಅಲ್ಲ. ಅದರ ಹಿಂದೆ ಒಬ್ಬ ತಾಯಿಯ ಭಯವೂ ಇರಬಹುದು.

ಅದೇ ಊರಿನ ಮೇಗುತಿ ಗುಡ್ಡಕ್ಕೆ ಹೋಗಿ. ಕ್ರಿ.ಶ. 634ರ ಶಾಸನ ಇದೆ. ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ್ದನ್ನ ಕವಿ ರವಿಕೀರ್ತಿ ಹೊಗಳಿದ್ದಾನೆ. ಜೊತೆಗೆ ತನ್ನನ್ನೂ ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ! ರಾಜನಿಗೆ ಕಲ್ಲಿದೆ, ಕವಿಗೂ ಕಲ್ಲಿದೆ. ಮಲ್ಲಿಗೆ, ಲಾಡ್‌ಖಾನರಿಗೆ ಇರೋದು ಊರವರ ನಾಲಿಗೆ ಒಂದೇ.

ಆ ಊರೇ ಈಗ ಇಕ್ಕಟ್ಟಿನಲ್ಲಿದೆ. ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ. ದುರಸ್ತಿಗೂ ಅನುಮತಿ ಬೇಕು. ಮಗನ ಮದುವೆಯಾದ್ರೆ ಒಂದು ಕೋಣೆ ಹೆಚ್ಚಿಸೋಕೂ ಯೋಚನೆ ಮಾಡಬೇಕು. ಮನೆಗಳನ್ನ ಬೇರೆ ಕಡೆ ಸ್ಥಳಾಂತರಿಸೋ ಮಾತು ಎಷ್ಟೋ ವರ್ಷದಿಂದ ನಡೀತಾನೇ ಇದೆ. ಗುಡಿ ಉಳಿಯಬೇಕು, ನಿಜ. ಆದ್ರೆ ಅದಕ್ಕೆ ಹೆಸರು ಕೊಟ್ಟ ಮಂದಿಗೂ ಸರಿಯಾದ ಸೂರು ಸಿಗಬೇಕು. ಬರೀ ಬೇಲಿ, ಹುಲ್ಲುಹಾಸು, ಟಿಕೆಟ್ ಕೌಂಟರ್ ಉಳಿದರೆ ಮಲ್ಲಿ ಯಾರು ಅಂತ ಕೇಳೋಕೂ ಯಾರೂ ಇರಲ್ಲ.

ಅದಕ್ಕೇ ಒಂದು ಕೆಲಸ. ಐಹೊಳೆಗೆ ಹೋದಾಗ ಸೆಲ್ಫಿ ತಗೊಳ್ಳಿ, ಬ್ಯಾಡ ಅನ್ನಲ್ಲ. ಆಮೇಲೆ ಕಟ್ಟೆ ಮೇಲೆ ಕೂತ ಅಜ್ಜನ್ನೋ ಅಮ್ಮನ್ನೋ ಮಾತಾಡಿಸಿ, ಅವರು ಒಪ್ಪಿದ್ರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. "ಯಜ್ಜಾ, ಈ ಗುಡಿಯೊಳಗ ಯಾರ ಇದ್ರು?" ಅಂತ ಕೇಳಿ ಸಾಕು. ಮುಂದಿನದನ್ನ ಅವರೇ ಹೇಳ್ತಾರೆ.

ಮತ್ತೆ ಸಿಗೋಣ. ಬರ್ತೀನ್ರಿ.