ಪೇಠೆಯಲ್ಲೊಂದು ಬಿಡಾರ
(ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡುನುಡಿಯ ಮಾತನ್ನಾಡುವುದು ವಾಡಿಕೆ. ನಾವಾದರೋ ಬಾಡಿಗೆಮನೆಯ ವಿಷಯವನ್ನೇ ಕಾರ್ಯದರ್ಶಿಗಳಿಂದ ಕೇಳಿ ಪಡೆದಿದ್ದೇವೆ. ಪುಣೆಗೆ ಬಂದಿಳಿದ ಕನ್ನಡಿಗನ ಮೊದಲ ಚಿಂತೆ ಅದೇ ಅಲ್ಲವೆ?

ವಿಜಾಪುರದ ಕಡೆಯಿಂದ ಬಂದ ನಾವು ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ ಬಿಡಾರ ಹೂಡಿದೆವು. ಎರಡು ಕೋಣೆ, ಕಿರುಗುಟ್ಟುವ ಮರದ ಮೆಟ್ಟಿಲು, ಅಂಗಳದಲ್ಲಿ ಎಲ್ಲರಿಗೂ ಕೂಡಿ ಒಂದು ನಲ್ಲಿ. ಮಳೆಗಾಲದಲ್ಲಿ ಹಂಚು ಸೋರಿ ಮೂರು ಪಾತ್ರೆ ಇಡಬೇಕಾಗುತ್ತಿತ್ತು. ಆದರೂ ಬಾಡಿಗೆ ಕೈಗೆ ನಿಲುಕುವಂಥದು. ಮಗಳು ಶಾಲೆಗೆ ನಡೆದೇ ಹೋಗುತ್ತಿದ್ದಳು.

ಈ ಪೇಠೆಗಳ ರೂಪ ಬದಲಾಗುತ್ತಿರುವುದು ಇಂದು ನಿನ್ನೆಯಿಂದಲ್ಲ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು, ಮುಠಾ ನದಿಯ ದಂಡೆಯ ಎಷ್ಟೋ ವಾಡೆಗಳು ಒಂದೇ ದಿನದಲ್ಲಿ ಕುಸಿದವು. ಉಳಿದವುಗಳು ಈಗ ಒಂದೊಂದಾಗಿ ಬಿಲ್ಡರರ ಪಾಲಾಗುತ್ತಿವೆ. 2024ರ ಸೆಪ್ಟೆಂಬರಿನಲ್ಲಿ ನೆಲದಡಿಯ ಮೆಟ್ರೋ ಮಂಡಯಿಯ ಮೇಲೆ ಹಾದು ಸ್ವಾರಗೇಟ್ ಮುಟ್ಟಿದ ಬಳಿಕ ಇಲ್ಲಿಯ ನೆಲದ ಮೇಲೆ ಇನ್ನಷ್ಟು ಜನರ ಕಣ್ಣು. ಮಾಲಿಕರನ್ನೇ ದೂರುವುದೂ ನ್ಯಾಯವಲ್ಲ. 1947ರ ಮುಂಬಯಿ ಬಾಡಿಗೆ ಕಾಯಿದೆ ಹಳೆಯ ಬಾಡಿಗೆಗಳನ್ನು ಕಟ್ಟಿಹಾಕಿತ್ತು. ಆ ದುಡ್ಡಿನಲ್ಲಿ ಹಂಚು ತಿರುವಿಸುವುದೂ ಅವರಿಗೆ ಕಷ್ಟವೇ.

ನಮ್ಮ ವಾಡೆಯೂ ಕೆಡವುವ ಪಾಳಿಗೆ ಬಂತು. ಮಹಡಿಯ ಮೇಲಿನ ಆಜಿಯವರದು ಮೂರು ತಲೆಮಾರಿನ ಒಕ್ಕಲು. ಅಷ್ಟೂ ವರ್ಷಗಳ ಬಾಡಿಗೆ ಪಾವತಿಗಳು ಅವರ ತಗಡಿನ ಡಬ್ಬಿಯಲ್ಲಿದ್ದವು. ಅವರಿಗೆ ಹೊಸ ಕಟ್ಟಡದಲ್ಲಿ ಜಾಗ ಕೊಡುವುದೆಂದು ಬರವಣಿಗೆಯಲ್ಲೇ ಕರಾರಾಯಿತು. ನಮಗೋ, ತಿಂಗಳೊಪ್ಪತ್ತಿನಲ್ಲಿ ಬಿಡಿರೆಂಬ ಮಾತು! ಒಂದೇ ಅಂಗಳದ ನಲ್ಲಿಯ ನೀರು ಕುಡಿದವರಲ್ಲಿ ಈ ಭೇದವೇಕೆ? ಆಜಿ ಬಾಡಿಗೆದಾರರು, ನಮ್ಮ ಕಾಗದ ‘ಲೀವ್ ಅಂಡ್ ಲೈಸೆನ್ಸ್’, ಅಂದರೆ ಇಂತಿಷ್ಟು ತಿಂಗಳು ಇರಲು ಮಾಲಿಕರು ಕೊಟ್ಟ ಬರಿಯ ಅನುಮತಿ. ಅವಧಿ ಮುಗಿದರೆ ಹೊರಡತಕ್ಕದ್ದು. ಕಾಗದ ಮರಾಠಿಯಲ್ಲಿತ್ತು. ಓದದೆ ಸಹಿ ಹಾಕಿದ್ದೆವು. ತಪ್ಪು ನಮ್ಮದೇ.

ಅದಕ್ಕಿಂತ ಹೆಚ್ಚಾಗಿ ನೋಯಿಸಿದ್ದು ಡಿಪಾಜಿಟ್ಟಿನ ಸಂಗತಿ. ನಾವು ಕೊಟ್ಟೆವೆಂದದ್ದು ಒಂದು ಮೊತ್ತ, ಮಾಲಿಕರು ನೆನೆದದ್ದು ಇನ್ನೊಂದು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂದು ದಲಾಲಿ ಹೇಳಿದ್ದನ್ನು ನಂಬಿದ್ದೆವು. ನಿಮ್ಮಲ್ಲಿಯೂ ಅನೇಕರು ನಂಬಿರಬಹುದು. ಮಹಾರಾಷ್ಟ್ರದಲ್ಲಿ ಅದು ಸಲ್ಲದು. 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ ಇಂಥ ಕರಾರು ಬರವಣಿಗೆಯಲ್ಲಿದ್ದು ನೋಂದಣಿಯಾಗಲೇಬೇಕು; ಮಾಡಿಸುವ ಹೊಣೆ ಮಾಲಿಕರದು. ಮಾಡಿಸದಿದ್ದರೆ, ಕರಾರಿನ ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ನಿಲ್ಲುತ್ತದೆ, ಸುಳ್ಳೆಂದು ಸಿದ್ಧವಾಗುವವರೆಗೆ. ಸಂಘದ ವಕೀಲ ಮಿತ್ರರೊಬ್ಬರು ಈ ಕಲಮನ್ನು ಓದಿ ಹೇಳಿದರು. ಕೋರ್ಟು ಹತ್ತುವ ಧೈರ್ಯ ನಮಗಿರಲಿಲ್ಲ. ಅವರೊಡನೆ ಹೋಗಿ ಕೂತು ಮಾತಾಡಿದೆವು. ಎರಡು ಕಂತಿನಲ್ಲಿ ಹಣ ಪೂರ್ತಿ ಬಂತು. ಮನೆ ಬರಲಿಲ್ಲ.

ಈಗ ನಾವಿರುವುದು ಧಾಯರಿಯಲ್ಲಿ. ಮಗಳು ಎರಡು ಬಸ್ಸು ಹಿಡಿದು ಅದೇ ಶಾಲೆಗೆ ಬರುತ್ತಾಳೆ. ಈ ಸಲದ ಕರಾರು ನೋಂದಣಿಯಾಗಿದೆ, ಡಿಪಾಜಿಟ್ಟಿನ ಅಂಕಿ ಅದರಲ್ಲೇ ಇದೆ.

ಮನೆ ಹುಡುಕುತ್ತಿರುವವರು, ಸಹಿ ಹಾಕಲಿರುವವರು ಕಾಗದ ತಂದಿದ್ದರೆ ಚಹಾದ ವೇಳೆಗೆ ಕಾಣಬೇಕು. ಮರಾಠಿ ಓದಿ ಕನ್ನಡದಲ್ಲಿ ಹೇಳಬಲ್ಲೆವು. ವಕೀಲ ಮಿತ್ರರೂ ಬಂದಿದ್ದಾರೆ. ಹಿಂದಿನ ಬೆಂಚಿನಲ್ಲಿ ಕೂತಿರುತ್ತೇವೆ.