ಮೋಟಾರು ಸೈಕಲ್ಲಿನ ಬ್ಯಾಟರಿ: ಆರೈಕೆ ಮತ್ತು ಸುರಕ್ಷಿತ ಚಾರ್ಜಿಂಗ್



ಎತ್ತು, ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳಂತೆ ಮೋಟಾರು ಸೈಕಲ್ಲು ಕೂಡ ಇಂದು ಬೇಸಾಯದ ಒಂದು ಸಲಕರಣೆಯೇ ಆಗಿದೆ. ಬೆಳಗಿನ ಹಾಲು ಡೈರಿ ಸೇರುವುದು, ಗೊಬ್ಬರದ ಚೀಲ ಹೊಲಕ್ಕೆ ಹೋಗುವುದು, ಸುಟ್ಟುಹೋದ ಮೋಟಾರು ವೈಂಡಿಂಗ್ ಅಂಗಡಿಗೆ ತಲುಪುವುದು ಎಲ್ಲವೂ ಅದರ ಮೇಲೆಯೇ. ಅಪರಾತ್ರಿಯಲ್ಲಿ ಮನೆಯವರಿಗೆ ಹಾವು ಕಚ್ಚಿದರೆ ತಾಲ್ಲೂಕು ಆಸ್ಪತ್ರೆಗೆ ಓಡುವುದೂ ಎಷ್ಟೋ ಕಡೆ ಅದರಲ್ಲಿಯೇ. ಇಂತಹ ವಾಹನದ ಆಯಿಲ್, ಚೈನು, ಟೈರುಗಳ ಬಗ್ಗೆ ಎಲ್ಲರೂ ಗಮನ ಕೊಡುತ್ತಾರೆ. ಸೀಟಿನ ಕೆಳಗೋ ಪಕ್ಕದ ಡಬ್ಬಿಯೊಳಗೋ ಅಡಗಿ ಕುಳಿತ ಪುಟ್ಟ ಬ್ಯಾಟರಿಯ ನೆನಪು ಬರುವುದು ಮಾತ್ರ ಅದು ಕೈಕೊಟ್ಟ ದಿನ.

ಹಳೆಯ ಬೈಕುಗಳಲ್ಲಿ ಇದರಿಂದ ಅಂತಹ ತೊಂದರೆ ಇರುತ್ತಿರಲಿಲ್ಲ. ಟ್ಯಾಂಕಿನ ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬುರೇಟರಿಗೆ ಇಳಿಯುತ್ತಿತ್ತು. ಅನೇಕ ಮಾದರಿಗಳಲ್ಲಿ ಕಿಡಿಗೆ ಬೇಕಾದ ವಿದ್ಯುತ್ತನ್ನು ಮ್ಯಾಗ್ನೆಟ್ಟೇ ಒದಗಿಸುತ್ತಿತ್ತು. ಬ್ಯಾಟರಿ ಪೂರ್ತಿ ಸತ್ತಿದ್ದರೂ ನಾಲ್ಕು ಕಿಕ್ ಹೊಡೆದರೆ ಗಾಡಿ ಹೊರಡುತ್ತಿತ್ತು. ಹಾರ್ನು ಕೂಗದಿದ್ದರೆ ಬಾಯಿಂದಲೇ ಕೂಗಿಕೊಂಡು ಹೋಗುವವರೂ ಇದ್ದರು. ಭಾರತ್ ಸ್ಟೇಜ್ 6 ಹೊಗೆ ನಿಯಮಗಳು 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಈಗಿನ ಬಹುಪಾಲು ಬೈಕುಗಳಲ್ಲಿ ಪೆಟ್ರೋಲನ್ನು ಎಂಜಿನ್ನಿಗೆ ಒತ್ತಿ ಕಳುಹಿಸಲು ವಿದ್ಯುತ್ ಪಂಪು ಇದೆ. ಎಷ್ಟು ಪೆಟ್ರೋಲು, ಯಾವಾಗ ಎಂಬುದನ್ನು ನಿರ್ಧರಿಸಲು ಒಂದು ಚಿಕ್ಕ ಕಂಪ್ಯೂಟರು ಇದೆ. ಇವೆರಡಕ್ಕೂ ಮೊದಲ ಉಸಿರು ಬ್ಯಾಟರಿಯಿಂದಲೇ ಬರಬೇಕು. ಅನೇಕ ಮಾದರಿಗಳಲ್ಲಿ ಕಿಕ್ ಕಡ್ಡಿಯೂ ಇಲ್ಲ. ಬ್ಯಾಟರಿ ಪೂರ್ತಿ ಬರಿದಾದರೆ ಇಂತಹ ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಿದರೂ ಸಾಮಾನ್ಯವಾಗಿ ಅದು ಹೊತ್ತಿಕೊಳ್ಳುವುದಿಲ್ಲ. ಆದುದರಿಂದ ಹಳೆಯ ಬೈಕಿನಲ್ಲಿ ಸಣ್ಣ ವಿಷಯವಾಗಿದ್ದದ್ದು ಹೊಸ ಬೈಕಿನಲ್ಲಿ ದೊಡ್ಡ ವಿಷಯವಾಗಿದೆ.

ಈ ಬ್ಯಾಟರಿಯ ತತ್ವ ಬಹಳ ಹಳೆಯದು. ಫ್ರಾನ್ಸಿನ ವಿಜ್ಞಾನಿ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಫಲಕ ಮತ್ತು ಗಂಧಕಾಮ್ಲದಿಂದ ತಯಾರಿಸಿದ ವಿದ್ಯುತ್ಕೋಶದ ಮೂಲ ರಚನೆಯೇ ಇಂದಿಗೂ ನಡೆದು ಬಂದಿದೆ. 12 ವೋಲ್ಟಿನ ಬ್ಯಾಟರಿಯಲ್ಲಿ ತಲಾ 2 ವೋಲ್ಟಿಗಿಂತ ತುಸು ಹೆಚ್ಚಿನ ಆರು ಕೋಶಗಳು ಇರುತ್ತವೆ. ವಿದ್ಯುತ್ತು ಖರ್ಚಾದಂತೆಲ್ಲ ಫಲಕಗಳ ಮೇಲೆ ಸೀಸದ ಸಲ್ಫೇಟ್ ಎಂಬ ಲವಣ ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಲವಣ ಕರಗಿ ಫಲಕಗಳು ಮೊದಲಿನಂತಾಗುತ್ತವೆ. ಇಲ್ಲಿ ರೈತರು ಚೌಳು ಭೂಮಿಯನ್ನು ನೆನಪಿಗೆ ತಂದುಕೊಂಡರೆ ಸಾಕು. ಆಗಲೇ ಮೇಲೆದ್ದ ಲವಣವನ್ನು ಒಳ್ಳೆಯ ನೀರು ಕೊಟ್ಟು ಬಸಿದು ಹೋಗುವಂತೆ ಮಾಡಿದರೆ ಭೂಮಿ ಉಳಿಯುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬಿಳಿಯ ಪದರ ಗಟ್ಟಿಯಾಗಿ ಬೀಜವೇ ಮೊಳೆಯದು. ಫಲಕದ ಮೇಲಿನ ಲವಣವೂ ಹಾಗೆಯೇ. ಒಡನೆಯೇ ಚಾರ್ಜ್ ಮಾಡಿದರೆ ಕರಗುತ್ತದೆ, ವಾರಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಡುಸಾಗುತ್ತದೆ, ಆಮೇಲೆ ಯಾವ ಚಾರ್ಜಿಗೂ ಜಗ್ಗುವುದಿಲ್ಲ. ಬ್ಯಾಟರಿಗಳು ದುಡಿತದಿಂದ ಸಾಯುವುದಕ್ಕಿಂತ ಅರೆಹೊಟ್ಟೆಯಲ್ಲಿ ನಿಂತು ಸಾಯುವುದೇ ಹೆಚ್ಚು ಎಂಬುದನ್ನು ಬೈಕಿನ ಮಾಲೀಕರು ಮೊದಲಿಗೆ ತಿಳಿಯಬೇಕು.

ಅರೆಹೊಟ್ಟೆ ಏಕೆ ಉಂಟಾಗುತ್ತದೆ? ಒಂದು ಸಲ ಸೆಲ್ಫ್ ಒತ್ತಿದರೆ ಸ್ಟಾರ್ಟರ್ ಮೋಟಾರು ಹತ್ತಾರು ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಮನೆಯಿಂದ ಡೈರಿಗೆ, ಡೈರಿಯಿಂದ ಹೊಲಕ್ಕೆ, ಹೊಲದಿಂದ ಚಹಾ ಅಂಗಡಿಗೆ ಎಂದು ಐದಾರು ಸಲ ಸೆಲ್ಫ್ ಒತ್ತಿ, ಪ್ರತಿ ಸಲವೂ ಒಂದು ಕಿಲೋಮೀಟರು ನಿಧಾನವಾಗಿ ಓಡಿಸಿದರೆ ಖರ್ಚಾದದ್ದು ತಿರುಗಿ ಸೇರುವುದಿಲ್ಲ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಮುಂದಿನ ದೀಪ ಉರಿಯುವುದರಿಂದ ನಿಧಾನದ ಓಟದಲ್ಲಿ ಉತ್ಪತ್ತಿಯಾಗುವ ವಿದ್ಯುತ್ತಿನ ಒಂದು ಪಾಲು ಅದಕ್ಕೂ ಹೋಗುತ್ತದೆ. ನಿಂತ ಗಾಡಿಯಲ್ಲಿಯೂ ಮೀಟರಿನ ಗಡಿಯಾರ, ಆಮೇಲೆ ಕೂಡಿಸಿದ ಅಲಾರಂ ಮುಂತಾದವು ಹನಿಹನಿಯಾಗಿ ಕುಡಿಯುತ್ತಲೇ ಇರುತ್ತವೆ. ಯಾವುದೂ ಕುಡಿಯದಿದ್ದರೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುವುದು ಸ್ವಭಾವ. ಸೆಖೆ ಹೆಚ್ಚಿದಷ್ಟೂ ಈ ಇಳಿತ ಹೆಚ್ಚು. ಮಲೆನಾಡಿನಲ್ಲಿ ನಾಟಿಯ ಕಾಲಕ್ಕೆ ಟಾರ್ಪಾಲು ಹೊದಿಸಿ ತಿಂಗಳುಗಟ್ಟಲೆ ನಿಲ್ಲಿಸಿದ ಬೈಕಿಗೂ, ಬಯಲುಸೀಮೆಯಲ್ಲಿ ಏಪ್ರಿಲ್ ಬಿಸಿಲಿಗೆ ತಗಡಿನ ಕೆಳಗೆ ನಿಂತ ಬೈಕಿಗೂ ಕೊನೆಗೆ ಬರುವುದು ಒಂದೇ ಕಾಯಿಲೆ.

ಈ ಕಾಯಿಲೆಯನ್ನು ಮೊದಲೇ ಕಂಡುಹಿಡಿಯಲು ಕೆಲವು ನೂರು ರೂಪಾಯಿಗೆ ದೊರೆಯುವ ಮಲ್ಟಿಮೀಟರು ಸಾಕು. ಬೈಕು ಒಂದು ರಾತ್ರಿ ನಿಂತ ಮೇಲೆ, ಕೀಲಿ ತಿರುಗಿಸುವ ಮೊದಲು ಬ್ಯಾಟರಿಯ ಎರಡು ತುದಿಗಳ ಮೇಲೆ ಅಳೆಯಬೇಕು. 12.7 ವೋಲ್ಟ್ ಅಥವಾ ಹೆಚ್ಚು ತೋರಿದರೆ ಹೊಟ್ಟೆ ತುಂಬಿದೆ ಎಂದರ್ಥ. 12.4ಕ್ಕೆ ಇಳಿದಿದ್ದರೆ ಚಾರ್ಜ್ ಮಾಡುವ ಕಾಲ ಬಂದಿದೆ. 12ಕ್ಕೂ ಕೆಳಗಿದ್ದರೆ ನಾಳೆಗೆ ಮುಂದೂಡಬಾರದು. ಬಳಿಕ ಎಂಜಿನ್ ಹೊತ್ತಿಸಿ, ಆಕ್ಸಿಲರೇಟರನ್ನು ಸ್ವಲ್ಪ ತಿರುಗಿಸಿ ಹಿಡಿದು ಮತ್ತೊಮ್ಮೆ ಅಳೆದರೆ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. 13 ದಾಟದಿದ್ದರೆ ತಪ್ಪು ಬ್ಯಾಟರಿಯದಲ್ಲ, ಗಾಡಿಯೇ ಅದಕ್ಕೆ ಉಣಿಸುತ್ತಿಲ್ಲ. 15 ಮೀರಿದರೆ ರೆಗ್ಯುಲೇಟರು ಕೆಟ್ಟಿದೆ, ಬ್ಯಾಟರಿ ಕುದಿಯುತ್ತಿದೆ. ಈ ಎರಡು ಅಳತೆ ಮಾಡದೆ ವರ್ಷಕ್ಕೊಂದು ಹೊಸ ಬ್ಯಾಟರಿ ಕೊಳ್ಳುವುದು, ಮಣ್ಣು ಪರೀಕ್ಷೆ ಮಾಡಿಸದೆ ಯೂರಿಯ ಸುರಿಯುವುದಕ್ಕೆ ಸಮ.

ಇನ್ನು ಚಾರ್ಜ್ ಮಾಡುವ ಕ್ರಮ. 100ರಿಂದ 125 ಸಿ.ಸಿ. ಬೈಕುಗಳ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ಆಂಪಿಯರ್-ಗಂಟೆಯದು. ಟ್ರ್ಯಾಕ್ಟರಿನದು ಇದರ ಹದಿನೈದು ಇಪ್ಪತ್ತು ಪಟ್ಟು ದೊಡ್ಡದು. ಬ್ಯಾಟರಿಯ ಸಾಮರ್ಥ್ಯದ ಹತ್ತನೆಯ ಒಂದು ಪಾಲಿನಷ್ಟು ಆಂಪಿಯರನ್ನು ಮಾತ್ರ ಹರಿಸಬೇಕೆಂಬುದು ನಿಯಮ. ಎಂದರೆ 4 ಆಂಪಿಯರ್-ಗಂಟೆಯ ಬ್ಯಾಟರಿಗೆ 0.4 ಆಂಪಿಯರ್, 5ರಿಂದ 10 ಗಂಟೆಗಳ ಕಾಲ. ಅನೇಕ ಬ್ಯಾಟರಿಗಳ ಮೈಮೇಲೆಯೇ ಈ ಲೆಕ್ಕವನ್ನು ಮುದ್ರಿಸಿರುತ್ತಾರೆ, ಓದುವವರು ಕಡಿಮೆ. ಕೆಲವು ಚಾರ್ಜಿಂಗ್ ಅಂಗಡಿಗಳಲ್ಲಿ ಬೈಕಿನ ಬ್ಯಾಟರಿಯನ್ನೂ ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲಿನಲ್ಲಿಯೇ ಜೋಡಿಸಿ ಒಂದೇ ಧಾರೆಯಲ್ಲಿ ಚಾರ್ಜ್ ಮಾಡುತ್ತಾರೆ. ಹನಿ ನೀರಾವರಿಯ ಗಿಡಕ್ಕೆ ಕಾಲುವೆ ತಿರುಗಿಸಿದಂತೆ ಇದು. ಎರಡು ಗಂಟೆಯಲ್ಲಿ ಕೆಲಸ ಮುಗಿದಂತೆ ಕಂಡರೂ ಫಲಕಗಳು ಬಾಗಿರುತ್ತವೆ, ಒಳಗಿನ ತೇವ ಆರಿರುತ್ತದೆ. ಅಂಗಡಿಯವರಿಗೆ ಕೊಡುವಾಗ ಬೇರೆಯಾಗಿ, ಕಡಿಮೆ ಆಂಪಿಯರಿನಲ್ಲಿ ಎಂದು ಕೇಳಿ ಹೇಳಬೇಕು.

ಬೈಕಿನ ಬ್ಯಾಟರಿಗೆಂದೇ ಬರುವ ಸ್ವಯಂಚಾಲಿತ ಚಾರ್ಜರು ಮನೆಯಲ್ಲಿದ್ದರೆ ಅತ್ಯುತ್ತಮ. ಅದು 14.4 ವೋಲ್ಟಿನ ಆಸುಪಾಸಿಗೆ ಏರಿಸಿ, ತುಂಬಿದೊಡನೆ ತಾನೇ ಧಾರೆಯನ್ನು ತಗ್ಗಿಸುತ್ತದೆ. ಹಲವು ರೈತರು ಬೆನ್ನಿನ ಸ್ಪ್ರೇಯರಿನ ಚಾರ್ಜರನ್ನೇ ಬೈಕಿಗೂ ಸಿಕ್ಕಿಸುವುದುಂಟು. ಸ್ಪ್ರೇಯರಿನ ಸೀಸದ ಬ್ಯಾಟರಿ ಸಾಮಾನ್ಯವಾಗಿ 8 ಅಥವಾ 12 ಆಂಪಿಯರ್-ಗಂಟೆಯದು. ಅದಕ್ಕೆ ಹಿತವಾದ ಧಾರೆ ಬೈಕಿನ ಪುಟ್ಟ ಬ್ಯಾಟರಿಗೆ ಹೆಚ್ಚೇ ಆಗುತ್ತದೆ. ಲಿಥಿಯಂ ಬ್ಯಾಟರಿಯ ಸ್ಪ್ರೇಯರಿನ ಚಾರ್ಜರಂತೂ ಇದಕ್ಕೆ ಸಲ್ಲದು, ಬೈಕಿನ ಚಾರ್ಜರು ಅದಕ್ಕೂ ಸಲ್ಲದು. ಸೌರ ಫಲಕದ ತಂತಿಯನ್ನು ನೇರವಾಗಿ ಬ್ಯಾಟರಿಗೆ ಜೋಡಿಸುವುದೂ ತಪ್ಪು. 12 ವೋಲ್ಟಿನದೆಂದು ಕರೆಯುವ ಫಲಕ ಒಳ್ಳೆಯ ಬಿಸಿಲಿನಲ್ಲಿ ಬರಿದಾಗಿ ಅಳೆದಾಗ 20 ವೋಲ್ಟಿಗಿಂತ ಹೆಚ್ಚು ತೋರುತ್ತದೆ. ನಡುವೆ ಕಂಟ್ರೋಲರು ಇರಲೇಬೇಕು.

ಚಾರ್ಜ್ ಆಗುವಾಗ, ಅದರಲ್ಲಿಯೂ ತುಂಬಿದ ಮೇಲೂ ಬಿಟ್ಟಾಗ, ಬ್ಯಾಟರಿಯ ನೀರು ಒಡೆದು ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಇದು ಶೇಕಡಾ 4ರಷ್ಟು ಸೇರಿದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ, ಆಮ್ಲ ಮುಖಕ್ಕೆ ಎರಚುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದುದರಿಂದ ಮಲಗುವ ಕೋಣೆ, ಹುಲ್ಲಿನ ಬಣವೆಯ ಪಕ್ಕ, ಒಲೆ ಉರಿಯುವ ಅಡುಗೆಮನೆ ಇದಕ್ಕೆ ತಕ್ಕ ಜಾಗಗಳಲ್ಲ. ಪಂಪ್‌ಮನೆ ಸುರಕ್ಷಿತವೆಂದು ಹಲವರು ಭಾವಿಸುತ್ತಾರೆ. ಅದೇ ಎಲ್ಲಕ್ಕಿಂತ ಕೆಟ್ಟದ್ದು. ಚಿಕ್ಕ ಕೋಣೆ, ಗಾಳಿಯಿಲ್ಲ, ಜೊತೆಗೆ ಸ್ಟಾರ್ಟರು ಹಾಕಿದಾಗಲೆಲ್ಲ ಒಳಗೆ ಕಿಡಿ ಹಾರುತ್ತದೆ. ಮಳೆ ತಾಗದ, ಗಾಳಿಯಾಡುವ ಜಗಲಿ ಸಾಕು. ಬೀಡಿ ದೂರವಿರಲಿ, ಮಕ್ಕಳೂ ದೂರವಿರಲಿ.

ಬ್ಯಾಟರಿ ಬಿಚ್ಚುವ ಮೊದಲು ಕೀಲಿ ತೆಗೆದಿಡಬೇಕು. ಉಂಗುರ, ಕಡಗಗಳನ್ನೂ ಕಳಚಿಡಬೇಕು. ಮೊದಲು ಮೈನಸ್ ತುದಿಯ ತಂತಿಯನ್ನು, ಆಮೇಲೆ ಪ್ಲಸ್ ತುದಿಯದನ್ನು ಬಿಚ್ಚಬೇಕು. ಗಾಡಿಯ ಚೌಕಟ್ಟೆಲ್ಲ ಮೈನಸ್ಸಿಗೆ ಸೇರಿದ್ದಾದ್ದರಿಂದ, ಪ್ಲಸ್ಸನ್ನು ಮೊದಲು ಬಿಚ್ಚುವಾಗ ಸ್ಪ್ಯಾನರು ಚೌಕಟ್ಟಿಗೆ ತಾಗಿತೆಂದರೆ ಬೆಂಕಿಯ ಹೂ ಚೆಲ್ಲುತ್ತದೆ. ತಿರುಗಿ ಕೂಡಿಸುವಾಗ ಇದರ ವಿರುದ್ಧ, ಪ್ಲಸ್ ಮೊದಲು, ಮೈನಸ್ ಕೊನೆಗೆ. ಚಾರ್ಜರಿನ ಕ್ಲಿಪ್ಪುಗಳನ್ನು ಬ್ಯಾಟರಿಗೆ ಹಾಕಿದ ಬಳಿಕವೇ ಗೋಡೆಯ ಸ್ವಿಚ್ ಒತ್ತಬೇಕು, ಸ್ವಿಚ್ ಆರಿಸಿದ ಬಳಿಕವೇ ಕ್ಲಿಪ್ಪು ತೆಗೆಯಬೇಕು. ಕಿಡಿ ಹಾರುವುದು ಈ ಗಳಿಗೆಯಲ್ಲಿಯೇ. ಮುಟ್ಟಿ ನೋಡಿದಾಗ ಬ್ಯಾಟರಿ ಬಿಸಿಯೆನಿಸಿದರೆ ನಿಲ್ಲಿಸಿ ಆರಲು ಬಿಡಬೇಕು. ಹೊಟ್ಟೆ ಉಬ್ಬಿದ, ಬಿರುಕು ಬಿಟ್ಟ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬಾರದು.

ಔಷಧಿ ಸಿಂಪಡಿಸುವಾಗ ಹಾಕಿಕೊಳ್ಳುವ ಕನ್ನಡಕ, ಕೈಗವಸುಗಳನ್ನು ಈ ಕೆಲಸಕ್ಕೂ ಬಳಸುವುದು ಒಳ್ಳೆಯದು. ಆಮ್ಲ ಕಣ್ಣಿಗೆ ಬಿದ್ದರೆ ಉಜ್ಜದೆ, ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸುತ್ತಲೇ ಇರಬೇಕು, ನಂತರ ತಪ್ಪದೆ ವೈದ್ಯರಲ್ಲಿಗೆ ಹೋಗಬೇಕು. ಹಾಲು, ಎಣ್ಣೆ ಹಾಕಿ ಹೊತ್ತು ಕಳೆದರೆ ದೃಷ್ಟಿಯೇ ಹೋದೀತು.

ಈಗಿನ ಬೈಕುಗಳಲ್ಲಿ ಹೆಚ್ಚಾಗಿ ಬರುವುದು ಮುಚ್ಚಿದ ಬ್ಯಾಟರಿ. ಅದಕ್ಕೆ ನೀರು ಹಾಕುವ ಹಾಗಿಲ್ಲ, ಮೇಲಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸುವ ಹಾಗೂ ಇಲ್ಲ. ಬಿರಡೆಗಳಿರುವ ಹಳೆಯ ಮಾದರಿಯಾದರೆ ತಿಂಗಳಿಗೊಮ್ಮೆ ಮಟ್ಟ ನೋಡಿ, ಮೇಲಿನ ಗೆರೆಯವರೆಗೆ ಬಟ್ಟಿ ಇಳಿಸಿದ ನೀರನ್ನು ಮಾತ್ರ ಸೇರಿಸಬೇಕು. ಆರಿಹೋಗುವುದು ನೀರೇ ಹೊರತು ಆಮ್ಲವಲ್ಲ. ಆದುದರಿಂದ ಆಮ್ಲ ಸೇರಿಸಬಾರದು. ಕೊಳವೆಬಾವಿಯ ನೀರಿನ ಸುಣ್ಣ, ಕಬ್ಬಿಣ, ಕ್ಲೋರೈಡುಗಳು ಫಲಕಗಳಿಗೆ ವಿಷವಿದ್ದಂತೆ. ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹಳೆಯ ಬ್ರಷ್ ಅದ್ದಿ ಉಜ್ಜಿ, ಒರೆಸಿ, ತಂತಿ ಬಿಗಿಮಾಡಿ ವ್ಯಾಸಲೀನ್ ಸವರಬೇಕು.

ತಿಂಗಳಿಗಿಂತ ಹೆಚ್ಚು ಕಾಲ ಬೈಕು ನಿಲ್ಲುವುದಿದ್ದರೆ ಪೂರ್ತಿ ಚಾರ್ಜ್ ಮಾಡಿ, ಮೈನಸ್ ತಂತಿ ಬಿಚ್ಚಿ ಇಡುವುದು ಸುಲಭ ಉಪಾಯ. ಮೀಟರಿನ ಗಡಿಯಾರ ತಪ್ಪುತ್ತದೆ, ಅಷ್ಟೇ. ಆಮೇಲೆಯೂ ತಿಂಗಳಿಗೊಮ್ಮೆ ಅಳೆದು ನೋಡಬೇಕು. ನಿಂತಲ್ಲಿಯೇ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವ ವಾಡಿಕೆಯಿಂದ ಸೆಲ್ಫ್ ಕುಡಿದಷ್ಟೂ ಮರಳಿ ಸೇರುವುದಿಲ್ಲ. ಸೆಲ್ಫನ್ನು ಒಮ್ಮೆಗೆ 5 ಸೆಕೆಂಡಿಗಿಂತ ಹೆಚ್ಚು ಒತ್ತಬಾರದು. ಸ್ವಲ್ಪ ಬಿಟ್ಟು ಮತ್ತೆ ಒತ್ತಬೇಕು.

ತುರ್ತಿನಲ್ಲಿ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ ಬೈಕನ್ನು ಎಬ್ಬಿಸಬಹುದು, ಆದರೆ ಟ್ರ್ಯಾಕ್ಟರಿನ ಎಂಜಿನ್ ನಿಂತಿರಬೇಕು. ಪ್ಲಸ್ಸಿಗೆ ಪ್ಲಸ್ ಸೇರಿಸಿ, ಟ್ರ್ಯಾಕ್ಟರಿನ ಮೈನಸ್ ತಂತಿಯನ್ನು ಬೈಕಿನ ಬ್ಯಾಟರಿಯಿಂದ ದೂರದಲ್ಲಿ, ಬಣ್ಣವಿಲ್ಲದ ಲೋಹದ ಭಾಗಕ್ಕೆ ಕೊನೆಗೆ ಹಿಡಿಸಬೇಕು. ಬೈಕು ಹೊತ್ತಿಕೊಂಡೊಡನೆ ಮೈನಸ್ ಮೊದಲು ತೆಗೆಯಬೇಕು. ಲಾರಿಯ 24 ವೋಲ್ಟನ್ನು ಜೋಡಿಸಿದರೆ ಬೈಕಿನ ಕಂಪ್ಯೂಟರು ಸುಟ್ಟುಹೋಗಬಹುದು, ಅದರ ಬೆಲೆಯ ಮುಂದೆ ಬ್ಯಾಟರಿಯದು ಏನೇನೂ ಅಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚಿ ಪರೀಕ್ಷಿಸುವ ಹಳೆಯ ಮೇಸ್ತ್ರಿಗಳ ಪದ್ಧತಿಯೂ ಹೊಸ ಬೈಕಿಗೆ ಅದೇ ಗತಿ ತರಬಹುದು.

ಕೊನೆಯದಾಗಿ ಸತ್ತ ಬ್ಯಾಟರಿಯ ವಿಚಾರ. ಅದನ್ನು ಕೊಟ್ಟಿಗೆಯ ಮೂಲೆಗೋ ತಿಪ್ಪೆಗೋ ಎಸೆಯುವುದು ನಮ್ಮ ಕಡೆ ಸಾಮಾನ್ಯ. ದನಕರುಗಳಿಗೆ ಕಂಡದ್ದನ್ನು ನೆಕ್ಕುವ ಅಭ್ಯಾಸ. ಒಡೆದ ಬ್ಯಾಟರಿಯ ಫಲಕದ ಉಪ್ಪುರುಚಿ ಅವನ್ನು ಸೆಳೆಯುತ್ತದೆ. ದನಗಳಿಗೆ ಸೀಸದ ವಿಷವೇರುವ ಪ್ರಸಂಗಗಳಲ್ಲಿ ಹಳೆಯ ಬ್ಯಾಟರಿ ಜಗತ್ತಿನ ಅನೇಕ ದೇಶಗಳಲ್ಲಿ ಕಂಡುಬಂದಿರುವ ಮುಖ್ಯ ಕಾರಣ. ದನ ಮೇವು ಬಿಡುತ್ತದೆ, ಹಲ್ಲು ಕಡಿಯುತ್ತದೆ, ಕಣ್ಣು ಕಾಣದಂತೆ ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ, ನಡುಗಿ ಬೀಳುತ್ತದೆ. ಕರುಗಳಿಗೆ ಸ್ವಲ್ಪವೇ ಸಾಕು. ಬದುಕಿ ಉಳಿದ ಹಸುವಿನ ಹಾಲಿನಲ್ಲಿಯೂ ಸೀಸ ಇಳಿಯುತ್ತದೆ. ಇಂತಹ ಲಕ್ಷಣ ಕಂಡೊಡನೆ ಪಶುವೈದ್ಯರನ್ನು ಕರೆಸಿ, ಹತ್ತಿರದಲ್ಲಿ ಬ್ಯಾಟರಿ ಬಿದ್ದಿತ್ತೆಂಬುದನ್ನು ಮರೆಯದೆ ತಿಳಿಸಬೇಕು. ಸೀಸಕ್ಕಾಗಿ ಮನೆಯಂಗಳದಲ್ಲಿ ಬ್ಯಾಟರಿ ಒಡೆದು ಕರಗಿಸುವುದರಿಂದ ಮಕ್ಕಳಿಗೂ ಇದೇ ವಿಷ ತಗಲುತ್ತದೆ, ಮಣ್ಣಿಗೆ ಸೇರಿದ ಸೀಸವಂತೂ ತಲೆಮಾರು ಕಳೆದರೂ ಹೋಗುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದು. ಮಾರುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಹಳೆಯದನ್ನು ಪಡೆದು ಹೊಸದರ ಬೆಲೆಯಲ್ಲಿ ಸ್ವಲ್ಪ ಕಳೆದುಕೊಡುತ್ತಾರೆ. ಹೊಸದನ್ನು ಕೊಳ್ಳುವಾಗ ತಯಾರಾದ ತಿಂಗಳನ್ನು ನೋಡಿ, ಅಂಗಡಿಯಲ್ಲಿಯೇ ವೋಲ್ಟ್ ಅಳೆಯಿಸಿ, ವಾರಂಟಿ ಕಾರ್ಡಿನ ಮೇಲೆ ದಿನಾಂಕ ಬರೆಸಿಕೊಂಡು ಬರಬೇಕು, 12.5ಕ್ಕಿಂತ ಕಡಿಮೆ ತೋರಿದರೆ ಗಾಡಿಗೆ ಕೂಡಿಸುವ ಮೊದಲೇ ಒಮ್ಮೆ ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಬೇಕು.