ಕೈತಪ್ಪಿದ ಹಡಗುಗಳು
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂದು ನಾನು ಸಮುದ್ರದ ಬಗ್ಗೆ ಮಾತನಾಡಲಿದ್ದೇನೆ. ಭೀಮಾ ನದಿಯ ದಂಡೆಯ ಜನರಾದ ನಮಗೆ ಸಮುದ್ರದ ಉಸಾಬರಿ ಏಕೆ ಎಂದು ತಾವು ಕೇಳಬಹುದು. ನಮ್ಮ ಮಕ್ಕಳು ತೊಗರಿ ಹೊಲ ನೋಡಿದ್ದಾರೆ, ಹಡಗು ನೋಡಿದವರು ಕಡಿಮೆ. ಆದರೆ ಮೈಸೂರಿನ ನವಾಬ್ ಹೈದರ್ ಅಲಿಯವರಿಗೆ ಒಂದು ನೌಕಾಪಡೆ ಇತ್ತು. ಯುದ್ಧದ ನಡುವೆಯೇ ಅದರ ಹಡಗುಗಳು ಶತ್ರುವಿನ ಕಡೆ ಹೋದವು. ಹೋಗದಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಯನ್ನು ನಾನು ಆಗಾಗ ತರಗತಿಯಲ್ಲಿ ಕೇಳುತ್ತೇನೆ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಹಾಗಾಗಿ ಮಕ್ಕಳು ಧೈರ್ಯವಾಗಿ ಉತ್ತರಿಸುತ್ತಾರೆ.

1763ರಲ್ಲಿ ಬಿದನೂರನ್ನು ಗೆದ್ದಾಗ ಹೈದರ್ ಅಲಿಯವರಿಗೆ ಮಂಗಳೂರು, ಹೊನ್ನಾವರದಂಥ ಬಂದರುಗಳು ದೊರೆತವು. ಘಟ್ಟದ ತೇಗ ಹತ್ತಿರದಲ್ಲೇ ಇತ್ತು. ಹಡಗು ಕಟ್ಟುವ ಕೆಲಸ ಆರಂಭವಾಯಿತು. ಆ ಕಾಲದ ಯುದ್ಧನೌಕೆಗಳಲ್ಲಿ ಒಂದನ್ನು ಗುರಾಬ್ ಎನ್ನುತ್ತಿದ್ದರು. ಅರಬ್ಬಿಯಲ್ಲಿ ಗುರಾಬ್ ಎಂದರೆ ಕಾಗೆ. ಇಂಗ್ಲಿಷರ ಬಾಯಲ್ಲಿ ಅದು ಗ್ರಾಬ್ ಆಯಿತು. ಇನ್ನೊಂದು ಗಲ್ಲಿವಟ್, ಹಾಯಿಯ ಜೊತೆಗೆ ಹುಟ್ಟು ಹಾಕಿ ನಡೆಸುವ ಚಿಕ್ಕ ನೌಕೆ.

ಈ ಪಡೆಗೆ ನವಾಬರು ಲುತ್ಫ್ ಅಲಿ ಬೇಗ್ ಎಂಬ ಅಧಿಕಾರಿಯನ್ನು ಮುಖ್ಯಸ್ಥನನ್ನಾಗಿ ನೇಮಿಸಿದರು. ಆತ ಅಶ್ವದಳದವನು. ಅಲೆಯ ಮೇಲೆ ಬದುಕು ಕಳೆದ ಕಪ್ತಾನರಿಗೆ ಕುದುರೆ ಸವಾರನ ಹುಕುಂ ಹಿಡಿಸಲಿಲ್ಲ. 1768ರ ಆರಂಭದಲ್ಲಿ ಮುಂಬಯಿಯಿಂದ ಕಂಪನಿಯ ಹಡಗುಗಳು ಹೊನ್ನಾವರದ ಮುಂದೆ ಬಂದು ನಿಂತಾಗ ಎರಡು ಹಡಗು, ಎರಡು ಗುರಾಬ್, ಹತ್ತು ಗಲ್ಲಿವಟ್‌ಗಳು ಮೈಸೂರಿನ ಪಡೆ ಬಿಟ್ಟು ಇಂಗ್ಲಿಷರನ್ನು ಸೇರಿದವು. ಹೊನ್ನಾವರ ಹೋಯಿತು, ಮಂಗಳೂರೂ ಹೋಯಿತು. ಅದೇ ಫೆಬ್ರವರಿಯಲ್ಲಿ, ಹಿಂದಿನ ವರ್ಷವಷ್ಟೇ ಹೈದರ್ ಅಲಿಯವರ ಜೊತೆಗಿದ್ದ ಹೈದರಾಬಾದಿನ ನಿಜಾಮರು ಕಂಪನಿಯೊಡನೆ ಮಚಲಿಪಟ್ಟಣದ ಒಪ್ಪಂದ ಮಾಡಿಕೊಂಡರು. ಉತ್ತರ ಸರ್ಕಾರುಗಳೆಂಬ ಕರಾವಳಿ ಜಿಲ್ಲೆಗಳನ್ನು ಬಿಟ್ಟುಕೊಟ್ಟದ್ದು ಅದರಲ್ಲಿ ಗಟ್ಟಿಯಾಯಿತು. ಮುಂದೆ 1948ರವರೆಗೆ ನಮ್ಮ ಕಲಬುರಗಿ ಸೇರಿದ್ದ ರಾಜ್ಯಕ್ಕೆ ಒಂದು ಬಂದರೂ ಇರಲಿಲ್ಲ. ಸಮುದ್ರ ನಮಗೆ ದೂರವಾದದ್ದು ಭೂಗೋಳದಿಂದ ಮಾತ್ರವಲ್ಲ, ಆ ಸಹಿಯಿಂದಲೂ.

ಇಲ್ಲಿ ಮಕ್ಕಳು ಥಟ್ಟನೆ ಹೇಳುವ ಮಾತು ಒಂದೇ: "ಸರ್, ಆ ಕಪ್ತಾನರು ಗದ್ದಾರರು." ಉರ್ದು ಓದಿದ ಮನೆಗಳಲ್ಲಿ ಮೀರ್ ಸಾದಿಕ್‌ನ ಹೆಸರು ಬೈಗುಳವೇ ಆಗಿದೆ, ಆದ್ದರಿಂದ ಈ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಅವರು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಗದ್ದಾರ್ ಎಂದ ಕೂಡಲೇ ವಿಚಾರ ನಿಂತುಹೋಗುತ್ತದೆ. ಹಡಗಿನ ಪಡೆಗೆ ಅಶ್ವದಳದವನನ್ನು ನೇಮಿಸಿದ್ದು ಯಾರು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಆ ಹದಿನಾಲ್ಕು ನೌಕೆಗಳು ಉಳಿದಿದ್ದರೆ ಆ ಯುದ್ಧದ ಫಲ ಬದಲಾಗುತ್ತಿತ್ತೇ? ಇಲ್ಲವೆಂದೇ ನನ್ನ ಅಭಿಪ್ರಾಯ. ಮೇ ತಿಂಗಳಲ್ಲಿ ನವಾಬರು ಮಂಗಳೂರನ್ನು ಮರಳಿ ಪಡೆದರು. ಇಂಗ್ಲಿಷರು ಗಾಯಾಳುಗಳನ್ನೂ ತೋಪುಗಳನ್ನೂ ಬಿಟ್ಟು ಹಡಗು ಹತ್ತಿದರು. 1769ರ ಏಪ್ರಿಲ್‌ನಲ್ಲಿ ಹೈದರ್ ಅಲಿಯವರು ಮದರಾಸಿನ ಬಾಗಿಲಿಗೇ ಹೋಗಿ ಒಪ್ಪಂದ ಬರೆಸಿಕೊಂಡರು. ಹಡಗಿಲ್ಲದೆಯೇ ಗೆದ್ದರು.

ಪೆಟ್ಟು ಬಿದ್ದದ್ದು ತಡವಾಗಿ. ಮತ್ತೆ ಕಟ್ಟಿಸಿದ ಹಡಗುಗಳನ್ನು 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲೇ ನಾಶ ಮಾಡಿದ. ದೊಡ್ಡವೆರಡರಲ್ಲಿ ಒಂದಕ್ಕೆ 28 ತೋಪು, ಇನ್ನೊಂದಕ್ಕೆ 26. ಹ್ಯೂಸನ ಬಳಿ 74 ತೋಪುಗಳ ಹಡಗೂ ಇತ್ತು. 1768ರ ಹಳೆಯ ನೌಕೆಗಳು ಅಲ್ಲಿದ್ದರೂ ಸುಟ್ಟವುಗಳ ಪಟ್ಟಿ ಉದ್ದವಾಗುತ್ತಿತ್ತು, ಅಷ್ಟೇ. ಆದರೆ ನಾವಿಕರ ಲೆಕ್ಕ ಬೇರೆ. ಹಡಗನ್ನು ಎರಡು ವರ್ಷದಲ್ಲಿ ಕಟ್ಟಬಹುದು. ನುರಿತ ಕಪ್ತಾನನು ತಯಾರಾಗಲು ಇಪ್ಪತ್ತು ವರ್ಷ ಬೇಕು.

1782ರಲ್ಲಿ ಫ್ರೆಂಚ್ ಅಡ್ಮಿರಲ್ ಸಫ್ರೆನ್ ಪೂರ್ವ ಕರಾವಳಿಗೆ ಬಂದು ಹ್ಯೂಸನೊಡನೆ ಮೇಲಿಂದ ಮೇಲೆ ಕಾದಾಡಿದ. ಅದೇ ಡಿಸೆಂಬರ್ 7ರಂದು ಹೈದರ್ ಅಲಿಯವರು ತೀರಿಕೊಂಡರು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಸೈನ್ಯ ಮುಂಬಯಿಯಿಂದ ಸಮುದ್ರದ ಮೇಲೆ ಬಂದು ಹೊನ್ನಾವರದ ಉತ್ತರಕ್ಕೆ ಇಳಿಯಿತು. ತಡೆಯಲು ಒಂದು ಗಲ್ಲಿವಟ್ ಕೂಡ ಇರಲಿಲ್ಲ ಎನ್ನುವಷ್ಟು ಸಲೀಸಾಗಿ ಇಳಿಯಿತು. ಘಟ್ಟ ಹತ್ತಿದ ಮ್ಯಾಥ್ಯೂಸ್‌ನಿಗೆ ಬಿದನೂರಿನ ಅಧಿಕಾರಿ ಅಯಾಜ್ ಊರನ್ನೇ ಒಪ್ಪಿಸಿದ. ಮಾರ್ಚ್‌ನಲ್ಲಿ ಮಂಗಳೂರು ಬಿತ್ತು. ಟಿಪ್ಪು ಸುಲ್ತಾನರು ಫ್ರೆಂಚರನ್ನು ಕಡಲೂರಿನಲ್ಲಿ ಬಿಟ್ಟು ಪಶ್ಚಿಮಕ್ಕೆ ಓಡಿ ಬರಬೇಕಾಯಿತು. ಜೂನ್‌ನಲ್ಲಿ ಅದೇ ಕಡಲೂರಿನ ಮುಂದೆ ಇಂಗ್ಲಿಷ್ ಸೈನ್ಯ ಬಹಳ ಕಷ್ಟದಲ್ಲಿತ್ತು, ಸಫ್ರೆನ್ ಹ್ಯೂಸನನ್ನು ಮದರಾಸಿಗೆ ಹಿಂದೆ ಸರಿಸಿದ್ದ. ಆಗ ಸುಲ್ತಾನರು ಅಲ್ಲಿರಲಿಲ್ಲ, ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿ ಕುಳಿತಿದ್ದರು. ಯುರೋಪಿನ ಶಾಂತಿಯ ಸುದ್ದಿ ಬಂದು ಫ್ರೆಂಚರು ಯುದ್ಧ ನಿಲ್ಲಿಸಿದರು.

ಪಶ್ಚಿಮದ ಬಂದರುಗಳಲ್ಲಿ ಅನುಭವಿ ಕಪ್ತಾನರ ಸಾಧಾರಣ ಪಡೆಯೊಂದು ಉಳಿದಿದ್ದರೂ ಮ್ಯಾಥ್ಯೂಸ್‌ನ ಸೈನಿಕರನ್ನು ತುಂಬಿದ ದೋಣಿಗಳು ಅಷ್ಟು ಸುಲಭವಾಗಿ ದಡ ಮುಟ್ಟುತ್ತಿರಲಿಲ್ಲ. ಒಂದೆರಡು ತಿಂಗಳು ತಡವಾಗಿದ್ದರೂ ಸುಲ್ತಾನರು ಪೂರ್ವದಲ್ಲೇ ಇರುತ್ತಿದ್ದರು. ಅದರಾಚೆಗೆ ಕಲ್ಪನೆಯನ್ನು ಓಡಿಸಲು ನನಗೆ ಇಷ್ಟವಿಲ್ಲ. ಕಂಪನಿಯೇ ಹೋಗಿಬಿಡುತ್ತಿತ್ತು ಎನ್ನುವವರಿದ್ದಾರೆ. ಬಂಗಾಳದ ಕಂದಾಯ ಅವರ ಕೈಯಲ್ಲಿರುವ ತನಕ ಅದು ದೂರದ ಮಾತು.

ಟಿಪ್ಪು ಸುಲ್ತಾನರಿಗೆ ಈ ಕೊರತೆ ಅರ್ಥವಾಗಿತ್ತು. 1796ರಲ್ಲಿ ಅವರು ನೌಕಾಪಡೆಯನ್ನು ವ್ಯಾಪಾರ ಇಲಾಖೆಯಿಂದ ಬೇರ್ಪಡಿಸಿ ಮೀರ್ ಯಮ್ ಎಂಬ 11 ಅಧಿಕಾರಿಗಳ ಮಂಡಳಿಗೆ ವಹಿಸಿದರು. ಯಮ್ ಎಂದರೆ ಅರಬ್ಬಿಯಲ್ಲಿ ಸಮುದ್ರ. ನಮ್ಮ ತರಗತಿಯಲ್ಲಿ ಕೆಲವರು ಅದನ್ನು ಯಮಧರ್ಮನ ಯಮ ಎಂದುಕೊಂಡು ಬಹಳ ನಕ್ಕರು. ಇಪ್ಪತ್ತಕ್ಕೂ ಹೆಚ್ಚು ದೊಡ್ಡ ಯುದ್ಧನೌಕೆ, 20 ಫ್ರಿಗೇಟ್‌ಗಳ ಯೋಜನೆ ಅದು. ಮಂಗಳೂರಿನ ಜಮಾಲಾಬಾದ್, ಮಿರ್ಜಾನ್ ಬಳಿಯ ವಾಜಿದಾಬಾದ್, ಕಾರವಾರದ ಸದಾಶಿವಗಡದ ಮಜೀದಾಬಾದ್ ಎಂದು ಮೂರು ಕಟ್ಟೆಗಳು ಗೊತ್ತಾದವು. ಮೂರು ವರ್ಷ ಸಾಲಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಕರಾವಳಿ ಕಂಪನಿಗೆ ಸೇರಿತು. ಆ ಹುಕುಂನಾಮೆಯನ್ನು ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ ಫಾರಸಿಯಿಂದ ಅನುವಾದಿಸಿ 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ.

ಮಲಬಾರಿನ ತೇಗ ಆಮೇಲೂ ಹಡಗಾಯಿತು. 1817ರಲ್ಲಿ ಮುಂಬಯಿಯ ಕಟ್ಟೆಯಲ್ಲಿ ಆ ಮರದಿಂದ ಪಾರ್ಸಿ ಬಡಗಿಗಳು ಟ್ರಿಂಕಾಮಲಿ ಎಂಬ ಫ್ರಿಗೇಟ್ ಕಟ್ಟಿದರು, ಬ್ರಿಟಿಷ್ ನೌಕಾಪಡೆಗಾಗಿ. ಅದು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲಿದೆ; ಜನ ಟಿಕೆಟ್ ತೆಗೆದುಕೊಂಡು ನೋಡುತ್ತಾರೆ.